ಹದಿನಾಲ್ಕು ಮಂದಿಯ ಮನೆಗೆ ನಾಲ್ಕೆಂದು ಬರೆದದ್ದು

ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿದರೆ ಸಾಕು, ಹಿತ್ತಲ ಬಾವಿಯ ಪಕ್ಕ ಸೆರಗನ್ನು ಮೂಗಿಗೊತ್ತಿಕೊಂಡು ನಿಂತ ಅಜ್ಜಿ ಈಗಲೂ ಕಣ್ಣೆದುರು ಬರುತ್ತಾಳೆ. ಅಜ್ಜಂಪುರದ ಹತ್ತಿರದ ಊರು ನಮ್ಮದು. ಅಜ್ಜಿ, ಅಪ್ಪ, ಅಮ್ಮ, ನಾನು, ಇಬ್ಬರು ಚಿಕ್ಕಪ್ಪಂದಿರು, ಅವರ ಹೆಂಡಿರು ಮಕ್ಕಳು ಸೇರಿ ಹದಿನಾಲ್ಕು ಮಂದಿ ಒಂದೇ ಒಲೆಯ ಮುದ್ದೆ ಉಣ್ಣುತ್ತಿದ್ದೆವು. ಅಷ್ಟು ಜನರಲ್ಲಿ ಹೈಸ್ಕೂಲು ಕಂಡವಳು ನಾನೊಬ್ಬಳೇ.

ಆ ವರ್ಷ ಊರಲ್ಲಿ ವಾಂತಿಭೇದಿ ಎದ್ದಿತು. ವಿಜ್ಞಾನದ ಮೇಷ್ಟ್ರು ನಮಗೊಂದು ಕೆಲಸ ಹಚ್ಚಿದರು. ನಮ್ಮ ನಮ್ಮ ಬೀದಿಯ ಮನೆಗಳಲ್ಲಿ ಎಷ್ಟು ಜನ, ಯಾವ ಬಾವಿಯ ನೀರು, ಯಾರಿಗೆ ಕಾಯಿಲೆ ಎಂದು ಕೇಳಿ ಬರೆಯಬೇಕು. ಅದನ್ನೇ ಲೆಕ್ಕದ ಪೀರಿಯಡ್ಡಿನಲ್ಲಿ ಗ್ರಾಫು, ಸಮಾಜದಲ್ಲಿ ನಕ್ಷೆ, ಕನ್ನಡದಲ್ಲಿ ಪಂಚಾಯ್ತಿಗೆ ಅರ್ಜಿ ಮಾಡಬೇಕು. ಆದರೆ ಅದು ತರೀಕೆರೆ ಕಡೆಯಿಂದ ಮಕ್ಕಳಾಗದಂತೆ ಆಪರೇಷನ್ ಮಾಡುವ ವ್ಯಾನು ಊರೂರು ಸುತ್ತುತ್ತಿದ್ದ ಕಾಲ. ಮೂರು ಮಕ್ಕಳಿದ್ದವನ ಹೆಸರು ಕಾಗದಕ್ಕೆ ಬಿದ್ದರೆ ಎತ್ತಿಕೊಂಡು ಹೋಗುತ್ತಾರೆಂಬ ಭಯಕ್ಕೆ, ಪೆನ್ನು ಹಿಡಿದವರನ್ನು ಕಂಡರೆ ಬಾಗಿಲು ಮುಚ್ಚುತ್ತಿದ್ದರು.

"ಯಾರೇ ಕಳ್ಸಿದ್ದು ನಿನ್ನ?" ಎಂದಳು ಅಜ್ಜಿ, ನಮ್ಮ ಮನೆಯ ಲೆಕ್ಕಕ್ಕೆಂದು ನಾನು ಪುಸ್ತಕ ತೆರೆದಾಗ.

"ಮೇಷ್ಟ್ರು ಕಣಜ್ಜಿ."

"ಮೇಷ್ಟ್ರನ್ನ ಯಾರ್ ಕಳ್ಸಿದ್ರು?"

ನಾನು ಪೆನ್ನಿನ ಮುಚ್ಚಳ ತೆಗೆದೆ. ಅಜ್ಜಿಯೇ ಹೇಳಿ ಬರೆಸಿದಳು: "ಬರ್ಕೋ. ಈ ಮನೇಲಿ ನಾಲ್ಕೇ ಜನ, ಯಾರ್ಗೂ ಏನೂ ಆಗಿಲ್ಲ. ನಿಮ್ ಚಿಕ್ಕಪ್ಪಂದಿರಿಗೆ ಮೂರ್ಮೂರು ಮಕ್ಳು ಅನ್ನೋದು ಆ ಬುಕ್ಕಿಗ್ಯಾಕೆ?" ಒಳಗೆ ಚಿಕ್ಕಪ್ಪನ ಮಗಳು ಪುಟ್ಟಿ ಎರಡು ದಿನದಿಂದ ವಾಂತಿ ಮಾಡಿಕೊಂಡು ಮಲಗಿದ್ದಳು. ನಾನು ಅಜ್ಜಿ ಹೇಳಿದಂತೆಯೇ ಬರೆದೆ.

ಸ್ಕೂಲಿನ ಗೋಡೆಗೆ ಅಂಟಿಸಿದ ನಕ್ಷೆಯಲ್ಲಿ ಕಾಯಿಲೆಯ ಮನೆಗಳಿಗೆಲ್ಲ ಕೆಂಪು ಬೊಟ್ಟು ಬಿತ್ತು. ನಮ್ಮದು ಮಾತ್ರ ಬಿಳಿ. ಮಾರನೆಯ ದಿನವೇ ಬೀದಿಯ ಹೆಂಗಸರು ಕೊಡ ಹಿಡಿದು ನಮ್ಮ ಹಿತ್ತಲಿಗೆ ಬಂದರು. "ನಿಮ್ ಬಾವೀಲಿ ಅಮೃತ ಐತಂತಲ್ಲ ಅತ್ತೆ, ಮೊಮ್ಮಗ್ಳೇ ಬರ್ದವ್ಳೆ!" ಎಂದು ಎದುರುಮನೆಯವಳು ನಕ್ಕಳು. ಅಜ್ಜಿಗೆ ಹೂಂ ಅನ್ನಲೂ ಆಗಲಿಲ್ಲ, ಊಹೂಂ ಅನ್ನಲೂ ಆಗಲಿಲ್ಲ. ಪುಟ್ಟಿಯ ಬಾಯಿ ಒರೆಸುತ್ತಿದ್ದ ಚಿಕ್ಕಮ್ಮ ತಲೆಯೆತ್ತಿ ನನ್ನನ್ನೇ ನೋಡಿದಳು. ನಾನು ಸ್ಕೂಲಿಗೆ ಓಡಿ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿಬಿಟ್ಟೆ: ಹದಿನಾಲ್ಕು ಜನ, ಪುಟ್ಟಿ, ಬಾವಿ. ಸಂಜೆಯೊಳಗೆ ಬಾವಿಗೆ ಪುಡಿ ಬಿತ್ತು, ಪುಟ್ಟಿಗೆ ಔಷಧಿ ಸಿಕ್ಕಿತು. ಅವಳು ಉಳಿದಳು.

ಮುಂದಿನ ವಾರ ವ್ಯಾನು ನಮ್ಮ ಮನೆ ಮುಂದೆಯೇ ನಿಂತಿತು. ನನ್ನ ಪುಸ್ತಕದಿಂದಲೋ ಬೇರೆ ಯಾರದೋ ಬಾಯಿಂದಲೋ, ಇವತ್ತಿಗೂ ಗೊತ್ತಿಲ್ಲ. "ನಾನ್ ಯಾರ್ಗೂ ಕೊಟ್ಟಿಲ್ಲ ಕಣಮ್ಮ" ಎಂದರು ಮೇಷ್ಟ್ರು. ಅರ್ಧ ನಂಬಿದೆ. ಚಿಕ್ಕಪ್ಪಂದಿರು ಅಷ್ಟರಲ್ಲಿ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಸಖರಾಯಪಟ್ಟಣದ ನೆಂಟರ ಮನೆ ಸೇರಿದ್ದರು. ಭಯದ ಕಾಲ ಕಳೆದ ಮೇಲೂ ಅವರು ಹಿಂತಿರುಗಲಿಲ್ಲ. ಅಲ್ಲೇ ಒಲೆ ಹೂಡಿದರು. ನಾನು ಬರೆದಿದ್ದ ನಾಲ್ಕು ಹಾಗೆ ನಿಜವಾಯಿತು.

ಅಜ್ಜಿ ನನ್ನನ್ನು ಬೈಯಲಿಲ್ಲ. ಆದರೆ ನಾನು ಪೆನ್ನು ತೆಗೆದರೆ ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು. ನಮ್ಮ ವಂಶದಲ್ಲೇ ಮೊದಲ ಬಿ.ಎ. ನನ್ನದು. ಕಷ್ಟಪಟ್ಟು ಪಡೆದ ಆ ಸರ್ಟಿಫಿಕೇಟನ್ನು ಹೆಮ್ಮೆಯಿಂದ ಅವಳ ಮುಂದೆ ಹಿಡಿದೆ. "ಇದ್ರಲ್ಲಿ ನಮ್ ಹೆಸ್ರೆಲ್ಲ ಐತಾ?" ಎಂದಳು.

"ಇಲ್ಲಜ್ಜಿ, ನಂದೊಂದೇ."

"ಸದ್ಯ" ಎಂದಳು.

ಅವಳು ಹೋದ ಮೇಲೆ ಮರಣ ಬರೆಸಲು ಹೋದವಳೂ ನಾನೇ. ಗುಮಾಸ್ತ ವಯಸ್ಸು ಕೇಳಿದ. ಅವಳು ನನಗೆ ಯಾವತ್ತೂ ಹೇಳಿರಲಿಲ್ಲ. "ಅಂದಾಜ್ ಹಾಕ್ರಮ್ಮ, ಯಾರ್ ನೋಡ್ತಾರೆ" ಎಂದು ಫಾರಂ ನನ್ನ ಕಡೆ ತಳ್ಳಿದ. ನಾನು ವಯಸ್ಸಿನ ಜಾಗವನ್ನು ಖಾಲಿ ಬಿಟ್ಟು ಅದನ್ನು ಅವನಿಗೇ ತಿರುಗಿಸಿ ಕೊಟ್ಟೆ.