ದುಗ್ನಾಡಿನ ಅತಿಥಿಗಳು

ನಮ್ಮ ಕ್ಲಬ್ಬಿನ ಆಡಳಿತ ಮಂಡಳಿಯವರು ನಮ್ಮ ಕೈಗೆ ಬಣ್ಣದ ಬ್ರಷ್ ಕೊಟ್ಟರು, ಕಸದ ಬುಟ್ಟಿ ಕೊಟ್ಟರು, ಮತವನ್ನು ಮಾತ್ರ ಕೊಡಲಿಲ್ಲ. ಈಗ ನಮ್ಮ ಫುಟ್‌ಬಾಲ್ ತಂಡವನ್ನು ಉಳಿಸಬೇಕೋ ಮುಚ್ಚಬೇಕೋ ಎಂಬುದನ್ನು, ಅದರಲ್ಲಿ ಆಡುವ ಒಬ್ಬರನ್ನೂ ಕೇಳದೆ, ವಾರ್ಷಿಕ ಸಭೆಯಲ್ಲಿ ತೀರ್ಮಾನಿಸಲು ಹೊರಟಿದ್ದಾರೆ. ಇದು ಅನ್ಯಾಯ. ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆಡಳಿತವನ್ನು ಓದಿದವಳಾದ್ದರಿಂದ ಇದಕ್ಕೆ ಇನ್ನೂ ಉದ್ದದ ಹೆಸರು ಹೇಳಬಲ್ಲೆ. ಆದರೆ ಚಿಕ್ಕ ಹೆಸರೇ ಸಾಕು.

ಆರೋಪವನ್ನು ಇಷ್ಟು ಗಟ್ಟಿಯಾಗಿ ಹೊರಿಸಿದ ಮೇಲೆ, ಆರೋಪಿಗಳನ್ನು ಕಂಡರೆ ನನಗೆ ಬಹಳ ಪ್ರೀತಿ ಎಂಬುದನ್ನೂ ಹೇಳಿಬಿಡಬೇಕು. ನಮ್ಮದು ಆಮ್ಸ್ಟೆಲ್‌ವೀನಿನ ಅಂಚಿನಲ್ಲಿರುವ ನಾರ್ವೇಜಿಯನ್ನರ ಕ್ರೀಡಾ ಕ್ಲಬ್. ಹಡಗಿನ ಕೆಲಸಕ್ಕೆಂದು ಬಂದು ನೆದರ್‌ಲ್ಯಾಂಡ್ಸಿನಲ್ಲೇ ನೆಲೆನಿಂತವರು ತಮ್ಮ ಊರಿನ ಪದ್ಧತಿಯಂತೆ ಒಂದೇ ಸೂರಿನಡಿ ಹಲವು ಆಟಗಳನ್ನು ಕಟ್ಟಿಕೊಂಡರು: ಹ್ಯಾಂಡ್‌ಬಾಲ್, ಓಟ, ಫುಟ್‌ಬಾಲ್, ಎಲ್ಲಕ್ಕಿಂತ ಮೇಲಾಗಿ ಸ್ಕೀಯಿಂಗ್. ಈ ಸೀಮೆಯಲ್ಲಿ ಬೆಟ್ಟವಿಲ್ಲ. ಸೈಕಲ್ ತುಳಿಯುವವರಿಗೆ ಕಾಲುವೆಯ ಸೇತುವೆಯೇ ಏರು. ಹಿಮ ಬಿದ್ದರೂ ಮಧ್ಯಾಹ್ನದ ಕಾಫಿಯವರೆಗೆ ನಿಲ್ಲುವುದಿಲ್ಲ. ಆದರೂ ಸ್ಕೀ ವಿಭಾಗಕ್ಕೆ ಮುಖ್ಯಸ್ಥರಿದ್ದಾರೆ, ಕಾರ್ಯದರ್ಶಿಯಿದ್ದಾರೆ, ಮತಗಳೂ ಇವೆ. ಇಲ್ಲದ ಹಿಮದ ಮೇಲೆ ಇಷ್ಟು ನಿಷ್ಠೆಯಿಟ್ಟವರನ್ನು ನಾನು ಹಾಸ್ಯ ಮಾಡಲಾರೆ. ಇಲ್ಲೇ ಹತ್ತಿರದ ಡೀಮೆನ್ ಊರಿನ ನನ್ನ ಮನೆಯ ಬಾಲ್ಕನಿಯಲ್ಲಿ ಕರಿಬೇವಿನ ಗಿಡವನ್ನು ಬದುಕಿಸಲು ಹೆಣಗುತ್ತಿರುವವಳು ನಾನು.

ಫುಟ್‌ಬಾಲ್ ವಿಭಾಗದ ಕಥೆ ಬೇರೆ. ನಾರ್ವೆಯ ಆಟಗಾರರು ಕೆಲಸ ಬದಲಿಸಿ ಒಬ್ಬೊಬ್ಬರಾಗಿ ಹೊರಟುಹೋದಾಗ ಆ ಖಾಲಿ ಜಾಗಕ್ಕೆ ನಾವು ಬಂದೆವು. ಮೊದಲು ಬಂದವರು ಬಸವರಾಜಣ್ಣ: ಧಾರವಾಡದವರು, ಐಂಡ್‌ಹೋವನ್ನಿನಲ್ಲಿ ಚಿಪ್ ಎಂಜಿನಿಯರ್, ನಮ್ಮ ಗೋಲ್‌ಕೀಪರ್. ಅವರನ್ನು ನಾರ್ವೇಜಿಯನ್ ಸಹೋದ್ಯೋಗಿಯೊಬ್ಬ ಕರೆತಂದ; ಆತ ಊರಿಗೆ ಮರಳಿದ, ಇವರು ಉಳಿದರು. ಅವರ ಹಿಂದೆ ಮೈಸೂರಿನವರು, ಬೆಂಗಳೂರಿನವರು, ಕೊನೆಗೆ ನಾನು. ಹೆಂಗಸರು ಗಂಡಸರು ಬೆರೆತು ಆಡುವ ಹವ್ಯಾಸಿ ತಂಡ. ಎಡಬದಿಯ ರಕ್ಷಣೆ ನನ್ನ ಹೊಣೆ. ರಕ್ಷಣೆ ಎಂಬ ಶಬ್ದವನ್ನು ನೀವು ತುಸು ಉದಾರವಾಗಿ ಓದಿಕೊಳ್ಳಬೇಕು. ನಾರ್ವೆಯ ಬಾವುಟ ಹೊಲಿದ ಅಂಗಿ ತೊಟ್ಟು ನಾವು ಮೈದಾನದ ತುಂಬ ಕನ್ನಡದಲ್ಲಿ ಕೂಗಾಡುವುದನ್ನು ಕೇಳಿ, ಎದುರು ತಂಡದ ಡಚ್ಚನೊಬ್ಬ ನಾರ್ವೇಜಿಯನ್ ಭಾಷೆ ಇಷ್ಟು ದುಂಡಗಿರುತ್ತದೆಂದು ತನಗೆ ತಿಳಿದಿರಲಿಲ್ಲ ಎಂದ. ನಾವು ತಿದ್ದಲಿಲ್ಲ.

ನಾನು ಸೇರಿದ ವಸಂತದಲ್ಲಿ, ಅದುವರೆಗೆ ನಾರ್ವೇಜಿಯನ್ನರಿಗಷ್ಟೇ ಹೋಗುತ್ತಿದ್ದ ಕರೆಯೊಂದು ಮೊದಲ ಬಾರಿಗೆ ಇಡೀ ಕ್ಲಬ್ಬಿನ ವಾಟ್ಸಾಪ್ ಗುಂಪಿಗೆ ಬಂತು: ಶನಿವಾರ ಬೆಳಿಗ್ಗೆ ದುಗ್ನಾಡ್, ಎಲ್ಲರೂ ಬನ್ನಿ. ನಾಡು ಎಂಬಂತೆ ಮುಗಿಯುವ ಶಬ್ದ ಕನ್ನಡದ ಕಿವಿಗೆ ಬಿದ್ದರೆ ಅದು ಊರೋ ಸೀಮೆಯೋ ಆಗದೆ ಇನ್ನೇನಾದೀತು? ಎದುರಾಳಿ ತಂಡದ ಊರೆಂದು ನಾವು ಒಮ್ಮತದಿಂದ ನಿರ್ಧರಿಸಿದೆವು. ಬಸವರಾಜಣ್ಣ ನನಗೆ ಫೋನ್ ಮಾಡಿದರು.

"ಏನವಾ, ಈ ದುಗ್ನಾಡ್ ಯಾ ಕಡೆ ಬರ್ತದ? ಟ್ರೇನ್ ಹೋಗ್ತದೇನು?"

"ಗೊತ್ತಿಲ್ಲ ಅಣ್ಣ, ಮ್ಯಾಪಲ್ಲಿ ಸಿಗ್ತಾ ಇಲ್ಲ. ಸಣ್ಣ ಊರಿರ್ಬೇಕು."

"ಸಣ್ಣ ಊರಾದ್ರ ಗೆಲ್ತೀವಿ ಬಿಡು."

ಕ್ಲಬ್ಬಿನಿಂದಲೇ ಬಸ್ಸು ಹೊರಡಬಹುದೆಂದು ಭಾವಿಸಿ, ಆಟದ ಉಡುಪಿನಲ್ಲಿ, ಬೂಟು ಬಿಗಿದು, ದಾರಿಗೆ ಚಿತ್ರಾನ್ನ ಕಟ್ಟಿಕೊಂಡು ನಾವೆಲ್ಲ ಗೇಟಿನ ಬಳಿ ನಿಂತೆವು. ಬಸವರಾಜಣ್ಣ ಗ್ಲೌಸನ್ನೂ ತೊಟ್ಟಿದ್ದರು. ಕ್ಲಬ್ಬಿನ ಅಧ್ಯಕ್ಷೆ ಇಂಗ್ರಿಡ್, ನಿವೃತ್ತ ಶಾಲಾ ಶಿಕ್ಷಕಿ, ಆ ಗ್ಲೌಸನ್ನು ಕಂಡು ಬಹಳ ಮೆಚ್ಚಿ, ಚಾವಣಿಯಂಚಿನ ನೀರಿನ ದೋಣಿಯಿಂದ ಕೊಳೆತ ಎಲೆ ತೆಗೆಯುವ ಕೆಲಸವನ್ನು ಅವರಿಗೇ ವಹಿಸಿದರು. ನನ್ನ ಪಾಲಿಗೆ ಬೇಲಿಗೆ ಬಣ್ಣ ಬಳಿಯುವ ಕೆಲಸ ಬಂತು. ಆಮೇಲೆ ತಿಳಿಯಿತು, ದುಗ್ನಾಡ್ ಎಂದರೆ ಎಲ್ಲರದಾದ ಒಂದು ವಸ್ತುವಿಗಾಗಿ ಎಲ್ಲರೂ ಕೂಲಿಯಿಲ್ಲದೆ ಕೂಡಿ ದುಡಿಯುವುದು, ದುಡಿದು ಕೂಡಿ ಉಣ್ಣುವುದು. ನಮ್ಮ ಚಿತ್ರಾನ್ನವನ್ನು ಅವರ ಕಂದುಬಣ್ಣದ ಸಿಹಿ ಚೀಸಿನೊಂದಿಗೆ ತಿಂದೆವು. ಎರಡೂ ಚೆನ್ನಾಗಿ ಹೊಂದುತ್ತವೆ ಎಂದು ಎರಡೂ ಕಡೆಯವರು ಸೌಜನ್ಯದಿಂದ ಸುಳ್ಳು ಹೇಳಿದೆವು.

ಮೊದಲು ನಾನು ಆ ಶಬ್ದವನ್ನು ಶ್ರಮದಾನವೆಂದು ಅನುವಾದಿಸಿಕೊಂಡಿದ್ದೆ. ಅದು ಸರಿಯಲ್ಲ. ದಾನವೆಂದ ಕೂಡಲೇ ಕೊಡುವ ಕೈ ಮೇಲಾಗುತ್ತದೆ, ಪಡೆಯುವ ಕೈ ಕೆಳಗಾಗುತ್ತದೆ. ನಮ್ಮ ಹೊಲಗದ್ದೆಗಳ ಮುಯ್ಯಾಳು ಎಂಬ ಮಾತು ಇದಕ್ಕೆ ಹತ್ತಿರ: ಇಂದು ನಿನ್ನ ನಾಟಿಗೆ ನಾನು, ನಾಳೆ ನನ್ನ ನಾಟಿಗೆ ನೀನು. ಮುಯ್ಯಿಗೆ ಬಂದವರಿಗೆ ಕೂಲಿಯ ಹಕ್ಕಿಲ್ಲ, ನಿಜ; ಆದರೆ ಬದುವಿನ ಮೇಲೆ ಕುಳಿತು, ಎಲ್ಲಿಂದ ಆರಂಭಿಸೋಣ ಎಂದು ಮಾತಾಡುವ ಹಕ್ಕು ಇದ್ದೇ ಇರುತ್ತದೆ. ಈ ಅರ್ಥ ಹೊಳೆದಾಗಿನಿಂದ ನಾವು ಯಾವ ದುಗ್ನಾಡನ್ನೂ ತಪ್ಪಿಸಿಲ್ಲ.

ಹೀಗಿರುವಾಗ ಸ್ಕೀ ವಿಭಾಗದಿಂದ ಪ್ರಸ್ತಾವ ಬಂತು. ಫುಟ್‌ಬಾಲ್ ತಂಡ ಸದಾ ಸೋಲುತ್ತದೆ, ಅದರಲ್ಲಿ ನಾರ್ವೆಯವರೂ ಉಳಿದಿಲ್ಲ. ಅದನ್ನು ಮುಚ್ಚಿ, ಶನಿವಾರದ ಮೈದಾನವನ್ನು ಚಳಿಗಾಲದ ಸ್ಕೀ ಪ್ರವಾಸಕ್ಕೆ ಮುಂಚಿನ ಕಸರತ್ತಿಗೆ ಬಿಟ್ಟುಕೊಡಬೇಕಂತೆ. ನಾನು ಇಂಗ್ರಿಡ್ ಅವರ ಬಳಿಗೆ ಹೋಗಿ ವಾದಿಸಿದೆ. ಅವರು ನನಗೆ ಕಾಫಿ ಕೊಟ್ಟು, ಮತವಿರುವುದು ಪೂರ್ಣ ಸದಸ್ಯರಿಗೆ ಮಾತ್ರ, ನೀವೆಲ್ಲ ನಮ್ಮ ಪ್ರೀತಿಯ ಅತಿಥಿ ಸದಸ್ಯರು ಎಂದರು. ಅವರ ಪ್ರೀತಿಯ ಬಗ್ಗೆ ನನಗೆ ಸಂದೇಹವಿಲ್ಲ. ನನ್ನ ತಕರಾರು ವ್ಯಾಕರಣದ್ದು. ತಿಥಿಯ ನಿಯಮವಿಲ್ಲದೆ ಬರುವವರು ಅತಿಥಿ ಎಂದು ನಮ್ಮ ಹಿರಿಯರು ಶಬ್ದವನ್ನು ಬಿಡಿಸಿಟ್ಟಿದ್ದಾರೆ. ನಾವಾದರೋ ಪ್ರತಿ ಶನಿವಾರ, ಹೇಳಿದ ಹೊತ್ತಿಗೆ, ಸೋಲುವುದು ಖಚಿತವೆಂದು ತಿಳಿದೂ ಬರುವವರು. ಸಂಸ್ಕೃತದ ಪ್ರಕಾರ ನಾವು ಅತಿಥಿಗಳಾಗಲು ಸಾಧ್ಯವೇ ಇಲ್ಲ. ಈ ವಾದವನ್ನು ಇಂಗ್ಲಿಷಿನಲ್ಲಿ ಮಂಡಿಸಿದಾಗ ಅದರ ಅರ್ಧ ತೇಜಸ್ಸು ಕಾಫಿಯ ಹಬೆಯೊಡನೆ ಹೋಯಿತು.

ವಿಷಯ ತಿಳಿಸಿದಾಗ ಬಸವರಾಜಣ್ಣ ಮೊದಲು ನಕ್ಕರು. ಆಮೇಲೆ ತಮ್ಮ ಮಗಳ ಮಾತೆತ್ತಿದರು. ಆ ಹುಡುಗಿ ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಡಚ್ಚಿನಲ್ಲಿ ಉತ್ತರಿಸುತ್ತಾಳೆ. ಶನಿವಾರ ಮಾತ್ರ ಗೋಲಿನ ಹಿಂದೆ ನಿಂತು, ಅಪ್ಪ ಚೆಂಡು ಬಿಟ್ಟಾಗಲೆಲ್ಲ, "ಅಪ್ಪಾ, ಕಣ್ಣ ಎಲ್ಲಿಟ್ಟೀ?" ಎಂದು ಅಪ್ಪಟ ಧಾರವಾಡ ಕನ್ನಡದಲ್ಲಿ ಗದರುತ್ತಾಳೆ. ನಾವು ಬಿಡುವ ಗೋಲುಗಳ ದೆಸೆಯಿಂದ ಆಕೆಗೆ ಅಭ್ಯಾಸಕ್ಕೆ ಕೊರತೆಯಿಲ್ಲ.

"ಶನಿವಾರ ಒಂದು ಹೋತಂದ್ರ, ಆಕಿ ನನ್ನ ಕನ್ನಡದಾಗ ಬಯ್ಯೂದೂ ಹೋತವಾ," ಎಂದರು ಅವರು.

ನಾನು ಓದಿದ ಆಡಳಿತಶಾಸ್ತ್ರದಲ್ಲಿ ಇಂಥ ನಷ್ಟಕ್ಕೆ ಹೆಸರಿಲ್ಲ. ಆದರೂ ಅದು ಸಭೆಯ ಮುಂದೆ ಬರಬೇಕಾದ ಸಂಗತಿ. ಅದನ್ನು ಅಲ್ಲಿ ಎದ್ದು ನಿಂತು ಹೇಳಬೇಕಾದವರು ಅವರೇ. ಆದ್ದರಿಂದ ಕೆಳಗಿನ ವಿನಂತಿಯನ್ನು ಮಂಡಳಿಗೆ ಇಂಗ್ಲಿಷಿನಲ್ಲಿ ಸಲ್ಲಿಸಿದ್ದೇನೆ. ಕನ್ನಡದಲ್ಲಿ ನಿಮ್ಮ ಮುಂದಿಡುತ್ತಿರುವುದು ನೀವು ಸಾಕ್ಷಿಯಾಗಿರಲೆಂದು.

ಮಾನ್ಯ ಆಡಳಿತ ಮಂಡಳಿಯವರೆ, ಬೇಲಿಗೆ ಬಣ್ಣ ಬಳಿಯುವಾಗ ಸದಸ್ಯರಾಗಿರುವವರು ಮತ ಹಾಕುವಾಗ ಅತಿಥಿಗಳಾಗುವುದು ಯಾವ ನ್ಯಾಯದಿಂದ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಫುಟ್‌ಬಾಲ್ ಆಡುವವರೆಲ್ಲರನ್ನೂ ವಾರ್ಷಿಕ ಸಭೆಗೆ ಮುಂಚೆ ಪೂರ್ಣ ಸದಸ್ಯರನ್ನಾಗಿ ಮಾಡಿಕೊಳ್ಳಬೇಕು. ಅದು ಸಾಧ್ಯವಾಗದಿದ್ದರೆ, ಸಾಧ್ಯವಾಗುವವರೆಗೆ ಪ್ರಸ್ತಾವವನ್ನು ಮುಂದೂಡಬೇಕು. ಎಲ್ಲರೂ ಕೈಯೆತ್ತಿದ ಮೇಲೂ ತಂಡವನ್ನು ಮುಚ್ಚಬೇಕೆಂದೇ ಆದರೆ ನಾವು ಎದುರಾಡದೆ ಒಪ್ಪುತ್ತೇವೆ. ಸೋಲನ್ನು ಒಪ್ಪಿಕೊಳ್ಳುವುದರಲ್ಲಿ ನಮ್ಮಷ್ಟು ನುರಿತ ತಂಡ ಈ ಪ್ರಾಂತ್ಯದಲ್ಲಿ ಇನ್ನೊಂದಿರಲಾರದು. ಮೈದಾನಕ್ಕೆ ಇಳಿಸದೆ ಮಾತ್ರ ನಮ್ಮನ್ನು ಸೋಲಿಸಬಾರದೆಂದು ಕೋರುತ್ತೇನೆ.