ಬಾಣಂತನಕ್ಕೆ ಬಂದವಳ ತಲೆಯೆಣಿಕೆ

2021ರ ಆಗಸ್ಟ್. ಸಿಡ್ನಿಯಲ್ಲಿ ಲಾಕ್‌ಡೌನ್. ನಾನು ಜನಗಣತಿಯ ಸಮುದಾಯ ಸಹಾಯಕಿ. ವೆಸ್ಟ್‌ಮೀಡಿನ ನನ್ನ ಫ್ಲ್ಯಾಟಿನಿಂದಲೇ, ಫಾರ್ಮ್ ತುಂಬಲು ತಡವರಿಸುವ ಕನ್ನಡಿಗರಿಗೆ ಫೋನಿನಲ್ಲಿ ನೆರವಾಗುತ್ತಿದ್ದೆ. ಅಮೆರಿಕದಲ್ಲಿ ಈ ಎಣಿಕೆ ಏರುಪೇರಾದರೆ ಅಧ್ಯಕ್ಷರ ಚುನಾವಣೆಯಲ್ಲಿ ರಾಜ್ಯಗಳ ತೂಕವೇ ಬದಲಾಗುತ್ತದೆ. ಇಲ್ಲಿ ಅಧ್ಯಕ್ಷರಿಲ್ಲ, ಆದರೆ ಯಾವ ರಾಜ್ಯಕ್ಕೆ ಪಾರ್ಲಿಮೆಂಟಿನಲ್ಲಿ ಎಷ್ಟು ಸೀಟು ಎಂಬುದು ತಲೆಗಳ ಮೇಲೆಯೇ ನಿಂತಿದೆ. ನಿಯಮ ಸರಳ. ಗಣತಿಯ ರಾತ್ರಿ ಮನೆಯಲ್ಲಿದ್ದವರೆಲ್ಲರನ್ನೂ ಬರೆಯಬೇಕು, ನೆಂಟರನ್ನು ಕೂಡ.

ಸಿಡ್ನಿಯದೇ ಬಡಾವಣೆ ಗಿರಾವೀನ್‌ನಿಂದ ಪ್ರಶಾಂತ ಫೋನ್ ಮಾಡಿದ. ಹೆಸರುಗಳನ್ನು ಬದಲಿಸಿದ್ದೇನೆ.

"ಆಂಟಿ, ನಾನು, ಹೆಂಡ್ತಿ, ಪಾಪು. ಮೂರು ಜನ. ಸಬ್ಮಿಟ್ ಒತ್ಲಾ?"

ಹಿಂದಿನಿಂದ ಹೆಣ್ಣುದನಿ ಕೇಳಿಸಿತು: "ನೀರು ಕಾದಿದೆ, ಮಗೂನ ಕೊಡಿ."

"ಅದ್ಯಾರು?" ಎಂದೆ.

"ರೋಹಿಣಿ ಅಕ್ಕ, ನನ್ನ ಹೆಂಡ್ತಿ ಅಕ್ಕ. ಮೆಲ್ಬರ್ನ್‌ನಿಂದ ಬಾಣಂತನಕ್ಕೆ ಬಂದ್ರು, ರಾಜ್ಯದ ಬಾರ್ಡರ್ ಕ್ಲೋಸ್ ಆಗಿ ಇಲ್ಲೇ ಉಳ್ಕೊಂಡ್ರು. ಅವರು ಮೆಲ್ಬರ್ನ್ ಲೆಕ್ಕ. ಭಾವ ಹಾಕಿರ್ತಾರೆ."

ಅನುಮಾನ ಬಂತು. ಪಕ್ಕದ ರಾಜ್ಯದ ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿದ್ದ ಆ ಭಾವನನ್ನೂ, ಅಂದರೆ ರೋಹಿಣಿಯ ಗಂಡನನ್ನೂ, ಕರೆಗೆ ಸೇರಿಸಲು ಹೇಳಿದೆ. ಆತ ಮನೆಯವರಲ್ಲಿ ಆ ರಾತ್ರಿ ಬೇರೆಡೆ ಇದ್ದವರು ಯಾರು ಎಂಬ ಪ್ರಶ್ನೆಯನ್ನು ಹಾರಿಸಿ, ಫಾರ್ಮ್ ಕಳಿಸಿ ನಿರಾಳವಾಗಿದ್ದ.

"ಅವಳು ಇಲ್ಲಿಲ್ವಲ್ಲ ಮೇಡಂ. ಊಟ, ನಿದ್ದೆ ಎಲ್ಲ ಅಲ್ಲೇ. ಪ್ರಶಾಂತನ ಖಾತೆಗೆ ಹಾಕ್ಕೊಳ್ಳಿ."

ಇಬ್ಬರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಊರಿನಿಂದ ತಾಯಿ ಬರಲಾಗಲಿಲ್ಲವೆಂದು ತಂಗಿಗೆ ಪಥ್ಯದ ಸಾರು ಮಾಡಲು ಓಡಿಬಂದವಳು. ಎಣ್ಣೆನೀರು ಹಾಕಿಸಿಕೊಳ್ಳುವ ಎಳೆಗೂಸು ಎಣಿಕೆಗೆ ಬಂತು; ಹಾಕುವವಳು ಎರಡು ರಾಜ್ಯಗಳಲ್ಲೂ ಇಲ್ಲ. ಸೀಟಿನ ವಿಷಯವನ್ನು ಬಿಡಿಸಿ ಹೇಳಿದೆ. ಸ್ಪೀಕರ್‌ನಲ್ಲಿ ಕೇಳಿಸಿಕೊಂಡ ರೋಹಿಣಿಯೇ ತಡೆದರು.

"ಬಿಡಿ ಆಂಟಿ, ನನ್ನೊಬ್ಬಳಿಂದ ಯಾವ ಸೀಟು ಹೋಗತ್ತೆ? ಕುಕ್ಕರ್ ಇಟ್ಟಿದೀನಿ."

"ಕುಕ್ಕರ್ ಪ್ರಶಾಂತ ನೋಡ್ಕೊಳ್ತಾನೆ. ನೀವು ಹುಟ್ಟಿದ ತಾರೀಕು ಹೇಳಿ."

ಕುಕ್ಕರ್ ಕೂಗಿತು. ಆಮೇಲೆ ಹೇಳಿದರು. ಉದ್ಯೋಗದ ಪ್ರಶ್ನೆ ಬಂದಾಗ ಪ್ರಶಾಂತ, "ಹೌಸ್‌ವೈಫ್ ಅಲ್ವಾ?" ಎಂದ.

"ಅಕೌಂಟೆಂಟ್ ಅಂತ ಹಾಕಿ," ಎಂದರು ರೋಹಿಣಿ. ಈ ಸಲ ದನಿ ಗಟ್ಟಿಯಾಗಿತ್ತು. "ರಜೆ ಹಾಕಿ ಬಂದಿದೀನಿ."

2023ರಲ್ಲಿ ಸಿಡ್ನಿಯ, ಮೆಲ್ಬರ್ನಿನ ಎರಡೂ ರಾಜ್ಯಗಳು ಒಂದೊಂದು ಸೀಟು ಕಳೆದುಕೊಂಡವು. ಒಬ್ಬಿಬ್ಬರಿಂದ ಹಾಗಾಗುವುದಿಲ್ಲ, ಬಲ್ಲೆ. ಆದರೂ ಮಗುವಿನ ಹುಟ್ಟುಹಬ್ಬದಲ್ಲಿ ಪ್ರಶಾಂತ, "ನಮಗೆ ಅನ್ಯಾಯ ಆಂಟಿ" ಎಂದು ಗೊಣಗಿದಾಗ ಹಳೆಯ ಸಿಟ್ಟು ಮರಳಿತು.

"ನಮಗೆ ಅಂದ್ರೆ ಎಷ್ಟು ಜನಪ್ಪಾ?" ಎಂದೆ.

ಈಗ ಫಾರ್ಮ್ ತುಂಬಿಸುವಾಗ ನಾನು ಯಾರನ್ನೂ ಮನೆಯಲ್ಲಿ ಎಷ್ಟು ಜನರಿದ್ದೀರಿ ಎಂದು ಮೊದಲು ಕೇಳುವುದಿಲ್ಲ. ಇವತ್ತು ಅಡುಗೆ ಮಾಡಿದವರು ಯಾರು ಎನ್ನುವುದರಿಂದ ಶುರು ಮಾಡುತ್ತೇನೆ.