ಊದುವವನ ಔಷಧಿ

ತುತ್ತೂರಿ ತಾತ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಹುಟ್ಟಿದಾಗ ಇಟ್ಟ ಹೆಸರು ಹೆಂಡತಿಗೂ ಮರೆತುಹೋಗಿರಬೇಕು. ಮೀಸೆ ಚಿಗುರಿದಾಗಿನಿಂದ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿದ ಆಸಾಮಿ. ಬಿಸಿ ಚಹಾ ಕೊಟ್ಟರೂ ಊದುತ್ತಾನೆ, ತಣ್ಣೀರು ಕೊಟ್ಟರೂ ಊದುತ್ತಾನೆ. ಇಂಥವನಿಗೇ ಉಬ್ಬಸ ಗಂಟುಬೀಳಬೇಕೇ!

ಬೇಸಿಗೆಯಲ್ಲಿ ಪಾರ್ಕಿನ ಕಾರ್ಯಕ್ರಮ. ಕೊನೆಯ ಹಾಡಿನಲ್ಲಿ ಮಿಕ್ಕವರೆಲ್ಲ ನಿಲ್ಲಿಸಿದ ಮೇಲೂ ತಾತನೊಬ್ಬನೇ ಒಂದು ಉದ್ದನೆಯ ಸ್ವರ ಹಿಡಿಯಬೇಕು. ಅಭ್ಯಾಸದಲ್ಲಿ ಅದು ಪ್ರತಿ ಸಲವೂ ಅರ್ಧಕ್ಕೇ ಕೈಕೊಟ್ಟಿತು. ಬೇಸಿಗೆಯ ಹೊತ್ತಿಗೂ ಸರಿಹೋಗದಿದ್ದರೆ ತಾಳ ಬಾರಿಸಿ, ಅದನ್ನಾದರೆ ಕೂತೇ ಬಾರಿಸಬಹುದು ಎಂದು ಬ್ಯಾಂಡ್ ಮಾಸ್ಟರ್ ನೆಲ ನೋಡುತ್ತಾ ಹೇಳಿದ. ತಾಳವೇನು ಕೀಳಲ್ಲ. ಆದರೂ ತಾತನಿಗೆ ಆ ದಿನ ಊಟ ಸೇರಲಿಲ್ಲ.

ಡಾಕ್ಟರಮ್ಮ ಮೊದಲು ಮಾತ್ರೆ ಕೊಟ್ಟರು. ಆ ಮಾತ್ರೆಯೋ, ಎದೆಗೆ ಹೋಗು ಎಂದರೆ ಮೈಯೆಲ್ಲ ಊರು ಸುತ್ತಿ, ಕೈಯನ್ನೂ ಮಾತಾಡಿಸಿಕೊಂಡು ಹೋಗುವಂಥದ್ದು. ಬೆರಳು ನಡುಗಿ ಟ್ರಂಪೆಟ್ಟಿನ ಗುಂಡಿಗಳೇ ಸಿಗದಾದವು. ಆಮೇಲೆ ಇನ್‌ಹೇಲರ್ ಬರೆದುಕೊಟ್ಟರು. ಇದು ನೇರ ಶ್ವಾಸಕೋಶಕ್ಕೇ ಇಳಿಯುತ್ತದೆ, ಚೂರೇ ಸಾಕು ಎಂದು ಸೇದುವ ಬಗೆಯನ್ನೂ ತೋರಿಸಿದರು. ಬಾಯಿಗೆ ಹಿಡಿಯುವ ವಿದ್ಯೆಯನ್ನು ತನಗೇ ಕಲಿಸುವುದೇ? ತಾತ ಸರಿಯಾಗಿ ನೋಡದೆ ಹೂಂಗುಟ್ಟಿ ಎದ್ದುಬಂದ.

ಗುಣ ಮಾತ್ರ ಕಾಣಲಿಲ್ಲ. ಇದೂ ದಂಡ ಎಂದು ಗೊಣಗುತ್ತಲೇ ಒಂದು ಬೆಳಗ್ಗೆ ಇನ್‌ಹೇಲರ್ ಒತ್ತಿದ. ಎದುರಿಗೆ ಕೂತು ಅವನ ಬ್ಯಾಂಡಿನ ಕೋಟಿಗೆ ಗುಂಡಿ ಹೊಲಿಯುತ್ತಿದ್ದ ಹೆಂಡತಿಯ ಕನ್ನಡಕ ಮಂಜಾಯಿತು. ಅವಳು ಒರೆಸಿಕೊಂಡು, ಇನ್ನೊಂದು ಸಲ ಒತ್ತಿ ನೋಡೋಣ ಎಂದಳು. ಒತ್ತಿದ. ಕೆನ್ನೆ ಉಬ್ಬಿತು. ಔಷಧಿಯೆಲ್ಲ ಪುಸ್ಸೆಂದು ಅವಳ ಮೂಗಿನ ಮೇಲೆ.

"ಅಯ್ಯೋ ನನ್ನ ಕರ್ಮವೇ, ಇದನ್ನೂ ಊದ್ತಾ ಇದೀರಲ್ರೀ," ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ತಾತ ಪೆಚ್ಚಾದ. ಹಟಹಿಡಿದು ಒಳಗೆ ಎಳೆಯಲು ಹೋದ. ತುಟಿಗೆ ಏನೋ ತಾಗಿತೆಂದರೆ ಆ ಹಾಳು ಕೆನ್ನೆ ತಾನೇ ಉಬ್ಬುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ಕೊನೆಗೆ ಅವಳೇ ಉಪಾಯ ಕಂಡಳು.

"ಊದೋಕೆ ಮುಂಚೆ ಉಸಿರು ತುಂಬ್ಕೋತೀರಲ್ಲ? ನಾನು ನಿಮ್ ಮಾಸ್ಟರ್ ಥರ ಕೈ ಎತ್ತೀನಿ. ಆಗ ಒತ್ತಿ, ಹಾಗೇ ಎಳ್ಕೊಳ್ಳಿ. ಕೈ ಇಳಿಸೋವರೆಗೂ ಉಸಿರು ಬಿಡಬೇಡಿ."

ಸೂಜಿ ಹಿಡಿದ ಕೈ ಮೇಲೆದ್ದಿತು, ಔಷಧಿ ಒಳಗೆ ಹೋಯಿತು. ಕೈ ಇಳಿಯುವವರೆಗೆ ತಾತ ಕಮಕ್ ಕಿಮಕ್ ಎನ್ನಲಿಲ್ಲ. ಬೆಳಗ್ಗೆ ಸಂಜೆ ಇದೇ ಕಚೇರಿ ನಡೆಯಿತು. ಕೆಲವು ವಾರಗಳಲ್ಲಿ ಮೆಟ್ಟಿಲ ನಡುವೆ ನಿಂತು ಏದುಸಿರು ಬಿಡುವುದು ತಪ್ಪಿತು. ಬೆರಳೂ ನಡುಗಲಿಲ್ಲ.

ಪಾರ್ಕಿನಲ್ಲಿ ಅವಳು ಮುಂದಿನ ಸಾಲಿನಲ್ಲೇ ಕೂತಳು. ಕೊನೆಯ ಹಾಡು ಬಂತು. ಒಬ್ಬೊಬ್ಬರಾಗಿ ಎಲ್ಲರೂ ನಿಲ್ಲಿಸಿದರು, ತಾತನ ಸ್ವರವೊಂದೇ ಉಳಿಯಿತು. ಅವನು ಮುಗಿಸುವವರೆಗೆ ತಾನೂ ಉಸಿರಾಡಬಾರದೆಂದು ಬಿಗಿಹಿಡಿದು ಕೂತಳು. ಮುಖ ಕೆಂಪೇರಿತು, ಕಣ್ಣಲ್ಲಿ ನೀರು ಬಂತು, ಕಡೆಗೆ ತಡೆಯಲಾರದೆ ಉಸ್ಸೆಂದು ಬಿಟ್ಟು, ಎದೆ ತುಂಬ ಇನ್ನೊಂದು ಉಸಿರು ಎಳೆದುಕೊಂಡಳು. ಟ್ರಂಪೆಟ್ ಇನ್ನೂ ನುಡಿಯುತ್ತಲೇ ಇತ್ತು.